ಹಿಂಬಾಗಿಲಿಗೆ ಬರುತ್ತಿದ್ದ ದೂರುಗಳು

ಮೂರು ವರ್ಷ ನಾನು ಒಬ್ಬಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಅದೂ ಬಹಳ ಶಿಸ್ತಿನಿಂದ. ಬೆಳಿಗ್ಗೆ ಹಾಸ್ಟೆಲಿನ ನಲ್ಲಿಯ ಎದುರು ಹಲ್ಲುಜ್ಜುವಾಗಲೇ ಅವಳು ಇಷ್ಟೊತ್ತಿಗೆ ಏನು ಓದಿ ಮುಗಿಸಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಅವಳು ನನಗೆ ಏನೂ ಕೆಟ್ಟದ್ದು ಮಾಡಿರಲಿಲ್ಲ. ಏನಾದರೂ ಮಾಡಿದ್ದರೆ ಒಂದು ಜಗಳ ಆಡಿ ಮುಗಿಸಿಬಿಡಬಹುದಿತ್ತು. ಅವಳು ನಗುನಗುತ್ತಾ ಬಂದು ನನ್ನ ಬುತ್ತಿಯಿಂದ ಉಪ್ಪಿನಕಾಯಿ ಎತ್ತಿಕೊಂಡು ಹೋಗುವವಳು. ಅಂಥವಳ ಹತ್ತಿರ ಜಗಳ ಆಡುವುದು ಹೇಗೆ?

ನಾವಿಬ್ಬರೂ ಒಂದೇ ವಿಶ್ವವಿದ್ಯಾಲಯದಲ್ಲಿ ಒಬ್ಬರೇ ಗೈಡ್ ಕೈಕೆಳಗೆ ಸಂಶೋಧನೆಗೆ ಸೇರಿದ್ದೆವು. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷ ಆಗಿತ್ತು. ವಿಷಯ, ಸಣ್ಣ ಪಟ್ಟಣಗಳ ಸ್ಥಳೀಯ ಆಡಳಿತ. ಒಂದು ಪುರಸಭೆ, ಒಂದು ಪಟ್ಟಣ ಪಂಚಾಯಿತಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಅದಕ್ಕೆ ತೌಲನಿಕ ಅಧ್ಯಯನ ಎಂಬ ದೊಡ್ಡ ಹೆಸರು. ಪುರಸಭೆ ಕುಂದಾಪುರದ ಬದಿಯದು, ಅಂದರೆ ನನ್ನ ಬದಿಯದು. ಪಟ್ಟಣ ಪಂಚಾಯಿತಿ ಬ್ರಹ್ಮಾವರದ ಬದಿಯದು, ಅವಳ ಊರಿನ ಹತ್ತಿರದ್ದು. ಬೈಂದೂರು ಆಗ ಇನ್ನೂ ಗ್ರಾಮ ಪಂಚಾಯಿತಿಯಾಗಿದ್ದ ಕಾರಣ ನಮ್ಮ ಪಟ್ಟಿಗೆ ಬರಲಿಲ್ಲ. ಅದೇ ಬದಿಯ ನಾವುಂದದ ನನ್ನ ಸೋದರಮಾವ ಇದನ್ನು ಸ್ವಂತ ಅವಮಾನ ಎಂದು ತಿಳಿದು, ಸಿಕ್ಕಿದಾಗಲೆಲ್ಲ, "ನಮ್ ಬದಿ ಎಂತ ಮನ್ಷ್ರ್ ಇಲ್ಯಾ?" ಎಂದು ಕೇಳುತ್ತಿದ್ದ.

ಸೇರಿದ ದಿನವೇ ಗೈಡ್ ಒಂದು ಮಾತು ಹೇಳಿಬಿಟ್ಟಿದ್ದರು. ಅವರು ಮೈಸೂರು ಕಡೆಯವರು, ಸುತ್ತುಬಳಸಿ ಮಾತಾಡುವ ಅಭ್ಯಾಸ ಇರಲಿಲ್ಲ. "ಈ ಕೆಲಸ ಮುಗಿದ ಮೇಲೆ ಇಲ್ಲಿ ಒಬ್ಬರಿಗೆ ಮಾತ್ರ ಜಾಗ ಇರೋದು. ಯಾರ ವರದಿ ಚೆನ್ನಾಗಿರುತ್ತೋ ಅವರನ್ನ ಇಟ್ಟುಕೊಳ್ತೀನಿ. ಇನ್ನೊಬ್ಬರು ಬೇಜಾರು ಮಾಡ್ಕೋಬಾರದು," ಎಂದರು. ಅವಳು ನಕ್ಕಳು. ನಾನು ಅಂದಿನಿಂದಲೇ ಬೇಜಾರು ಮಾಡಿಕೊಳ್ಳಲು ಶುರುಮಾಡಿದೆ. ನನಗೆ ಆ ಜಾಗ ಬೇಕಿತ್ತು. ಅದು ಸಿಗದಿದ್ದರೆ ಊರಿಗೆ ಹಿಂದಿರುಗಿ ಯಾವುದಾದರೂ ಖಾಸಗಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಸಮಾಜ ಪಾಠ ಮಾಡಬೇಕಿತ್ತು. ನಮ್ಮ ಮನೆಯಲ್ಲಿ, ನಮ್ಮ ಕೇರಿಯಲ್ಲಿ ಅಲ್ಲಿಯವರೆಗೆ ಓದಿದ ಹೆಂಗಸು ನಾನೊಬ್ಬಳೇ. ಮೀನಿನ ವಾಸನೆ ಇಲ್ಲದ ಒಂದು ಕುರ್ಚಿ ನನಗೆ ಬೇಕಿತ್ತು. ಹಾಗೆಂದು ಯಾರಿಗೂ ಹೇಳಿರಲಿಲ್ಲ.

ನನ್ನ ತಾಯಿ ಮನೆಮನೆಗೆ ಮೀನು ಮಾರುವವಳು. ಹೆಡಿಗೆ ತುಂಬ ಬಂಗುಡೆಯೋ ಬೈಗೆಯೋ ಹೊತ್ತು ಬೆಳಿಗ್ಗೆ ಹೊರಟರೆ ಮಧ್ಯಾಹ್ನ ಮನೆಗೆ ಬರುತ್ತಿದ್ದಳು. ಅವಳಿಗೆ ಕಾಯಂ ಮನೆಗಳಿದ್ದವು, ಇಪ್ಪತ್ತೋ ಇಪ್ಪತ್ತೆರಡೋ. ಚಿಕ್ಕಂದಿನಲ್ಲಿ ನಾವು ಅವಳನ್ನು 'ಅಬ್ಬಿ' ಎಂದು ಕರೆಯುತ್ತಿದ್ದೆವು, ನಮ್ಮ ಕಡೆ ಎಲ್ಲ ಮಕ್ಕಳೂ ಕರೆಯುವ ಹಾಗೆ. ಹಾಸ್ಟೆಲ್ ಸೇರಿದ ಮೇಲೆ ನಾನು 'ಅಮ್ಮ' ಎಂದು ಬದಲಾಯಿಸಿದೆ. ಮೊದಲ ಸಲ ಹಾಗೆ ಕರೆದಾಗ ಅವಳು ಹಿಂದೆ ತಿರುಗಿ ಯಾರಾದರೂ ಬಂದಿದ್ದಾರೋ ಎಂದು ನೋಡಿದಳು. ವಿಶ್ವವಿದ್ಯಾಲಯದಲ್ಲಿ ಯಾರಾದರೂ ಕೇಳಿದರೆ, "ತಾಯಿಗೆ ಸ್ವಂತ ವ್ಯಾಪಾರ" ಎನ್ನುತ್ತಿದ್ದೆ. ಸುಳ್ಳೇನೂ ಅಲ್ಲವಲ್ಲ.

ನನ್ನ ಜೊತೆ ಸೇರಿದವಳು ದೇವಸ್ಥಾನದ ಊರಿನವಳು. ತಂದೆ ಒಂದು ಸಹಕಾರಿ ಸಂಘದಲ್ಲಿ ಕಾರ್ಯದರ್ಶಿ, ಮನೆಯಲ್ಲಿ ಮೀನು ಮಾಂಸ ಇಲ್ಲ. ಅವಳ ಮೇಲೆ ಹೊಟ್ಟೆಕಿಚ್ಚು ಪಡಲು ನನ್ನ ಹತ್ತಿರ ಕಾರಣಗಳ ರಾಶಿಯೇ ಇತ್ತು. ಅವಳ ಅಕ್ಷರ ಅಚ್ಚುಹಾಕಿದ ಹಾಗಿತ್ತು. ಗೈಡ್ ಹೇಳಿದ್ದು ತಪ್ಪಾಗಿದ್ದರೆ ಅವರ ಎದುರೇ, "ಸರ್, ಅದು ಹಾಗಲ್ಲ" ಎನ್ನುತ್ತಿದ್ದಳು, ಅವರು ಸಿಟ್ಟಾಗುತ್ತಿರಲಿಲ್ಲ. ನಾನು ಅದೇ ಮಾತನ್ನು ಮೂರು ದಿನ ತಾಲೀಮು ಮಾಡಿ ಹೇಳಿದರೂ ಅವರ ಹುಬ್ಬು ಮೇಲೇರುತ್ತಿತ್ತು. ಯಾರ ಮನೆಗೆ ಹೋದರೂ ಅವಳಿಗೆ ಕಾಫಿ ಸಿಗುತ್ತಿತ್ತು. ನನಗೆ ಕುರ್ಚಿ ಸಿಗುತ್ತಿತ್ತು, ಕಾಫಿ ಅಪರೂಪ. ಇವೆಲ್ಲ ಸಣ್ಣ ವಿಷಯಗಳೆಂದು ನನಗೂ ಗೊತ್ತಿತ್ತು, ಆದರೂ ಒಂದನ್ನೂ ಮರೆಯುತ್ತಿರಲಿಲ್ಲ.

ಕೆಲಸ ಹಂಚುವಾಗ ಗೈಡ್ ನನಗೆ ಕಚೇರಿಗಳನ್ನು ಕೊಟ್ಟರು, ಅವಳಿಗೆ ಚುನಾಯಿತ ಸದಸ್ಯರನ್ನು. ಎರಡೂ ಊರುಗಳಲ್ಲಿ ಜನರ ದೂರು ಆಡಳಿತದ ಕಿವಿಗೆ ಹೇಗೆ ಮುಟ್ಟುತ್ತದೆ ಎಂದು ನೋಡುವುದು ಮುಖ್ಯ ಪ್ರಶ್ನೆ. ನಾನು ದೂರು ಪುಸ್ತಕಗಳನ್ನು ಓದಬೇಕು, ಅವಳು ವಾರ್ಡ್ ಸದಸ್ಯರ ಮನೆಗೆ ಹೋಗಿ ಮಾತಾಡಬೇಕು. ನನಗೆ ಒಳಗೊಳಗೇ ಖುಷಿಯಾಯಿತು. ನನಗೆ ಫ್ಯಾನಿನ ಕೆಳಗೆ ಮೇಜು, ಅವಳಿಗೆ ಬಿಸಿಲಿನಲ್ಲಿ ಅಲೆದಾಟ. ಆ ವಾರ ಹಾಸ್ಟೆಲಿನಲ್ಲಿ ನಾನು ಅವಳಿಗೆ ನನ್ನ ಕೊಡೆ ಕೂಡ ಕೊಟ್ಟೆ. ಅಷ್ಟು ಉದಾರಿಯಾಗಿದ್ದೆ.

ದಕ್ಷಿಣದ, ಅಂದರೆ ಅವಳ ಬದಿಯ, ಪಟ್ಟಣ ಪಂಚಾಯಿತಿಯ ದೂರು ಪುಸ್ತಕ ದಪ್ಪವಾಗಿತ್ತು. ಜನ ಅಲ್ಲಿ ಚೆಂದವಾಗಿ ಬರೆಯುತ್ತಿದ್ದರು. 'ಮಾನ್ಯರೇ' ಎಂದು ಶುರುಮಾಡಿ, ತಮ್ಮ ಮನೆ ಎದುರಿನ ದೀಪ ಯಾವಾಗಿನಿಂದ ಉರಿಯುತ್ತಿಲ್ಲ, ಅದರಿಂದ ತಮಗೇನು ತೊಂದರೆ, ಹಿಂದೆ ಯಾರಿಗೆ ತಿಳಿಸಲಾಗಿತ್ತು ಎಲ್ಲವನ್ನೂ ಹೇಳಿ, 'ಇತಿ ತಮ್ಮ ವಿಶ್ವಾಸಿ' ಎಂದು ಸಹಿ ಹಾಕುತ್ತಿದ್ದರು. ಒಬ್ಬರು ನಿವೃತ್ತ ಮೇಷ್ಟರಂತೂ ಒಂದು ಚರಂಡಿಯ ಬಗ್ಗೆ ಎಂಟು ಅರ್ಜಿ ಕೊಟ್ಟಿದ್ದರು, ಪ್ರತಿಯೊಂದಕ್ಕೂ ಹಿಂದಿನದರ ಉಲ್ಲೇಖ. ನಮ್ಮ ಬದಿಯ ಪುಸ್ತಕ ತೆಳ್ಳಗಿತ್ತು. ಪುಟ ತಿರುಗಿಸಿದರೆ ಅಲ್ಲೊಂದು ಇಲ್ಲೊಂದು. ನನ್ನ ಸ್ವಂತ ವಾರ್ಡಿನಿಂದ, ಅಂದರೆ ಮೀನುಗಾರರ ಮನೆಗಳೇ ಹೆಚ್ಚಿರುವ ಕೇರಿಯಿಂದ, ಒಂದು ವರ್ಷ ಇಡೀ ಒಂದು ಅರ್ಜಿಯೂ ಇರಲಿಲ್ಲ.

ನಾನು ಬರೆದೆ. ಪೆನ್ನು ಓಡಿದ್ದೇ ಓಡಿದ್ದು. ದಕ್ಷಿಣದ ಪಟ್ಟಣದಲ್ಲಿ ಶಿಕ್ಷಣ ಹೆಚ್ಚು, ಆದ್ದರಿಂದ ನಾಗರಿಕ ಪ್ರಜ್ಞೆ ಹೆಚ್ಚು; ಉತ್ತರದ ಪಟ್ಟಣದಲ್ಲಿ, ಮುಖ್ಯವಾಗಿ ಕಡಲ ಬದಿಯ ವಾರ್ಡುಗಳಲ್ಲಿ, ತಮ್ಮ ಹಕ್ಕನ್ನು ಕೇಳಬೇಕೆಂಬ ಅರಿವು ಇನ್ನೂ ಮೂಡಿಲ್ಲ. ನಾನು ಹುಟ್ಟಿದ ಕೇರಿಯ ಬಗ್ಗೆ, ನನ್ನ ಅಬ್ಬಿಯ ಬಗ್ಗೆ, ನಾನೇ ಹೀಗೆ ಬರೆದೆ. ಬರೆದು ಗೈಡ್ ಮುಂದೆ ಇಟ್ಟೆ. ಅವರು ಎರಡು ಸಲ ಓದಿ, "ಇದು ವಾದ. ಇದರ ಮೇಲೆ ಕಟ್ಟಬಹುದು," ಎಂದರು. ಅವಳು ಪಕ್ಕದಲ್ಲೇ ಇದ್ದಳು. ನಾನು ಅವಳ ಮುಖ ನೋಡಿದೆ. ಅವಳಿಗೆ ಹೊಟ್ಟೆ ಉರಿಯಬೇಕಿತ್ತು. ಅವಳು, "ಲಾಯ್ಕಿತ್ತ್ ಮಾರಾಯ್ತಿ, ನಂದ್ ಇನ್ನೂ ಶುರುವೇ ಆಯ್ಲಿಲ್ಲ," ಎಂದು ನನ್ನ ಬೆನ್ನಿಗೆ ಗುದ್ದಿದಳು.

ಅದಾಗಿ ಹದಿನೈದು ದಿನಕ್ಕೆ ಅವಳು ಓಡುತ್ತಾ ಬಂದಳು. ನಾನು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದೆ.

"ಹ್ವಾಯ್! ನಿಮ್ ಊರಂಗೆ ದೂರ್ ಪುಸ್ತಕ ಖಾಲಿ ಎಂತಕ್ ಗೊತ್ತಿತ್ತಾ? ದೂರೆಲ್ಲ ಮೀನಿನ್ ಹೆಡ್ಗಿ ಜೊತಿ ಹೋತ್ ಮಾರಾಯ್ತಿ!"

ಅವಳು ಹೇಳಿದ ಕತೆ ಹೀಗೆ. ಮೀಸಲಾತಿಯಿಂದ ಗೆದ್ದ ಒಬ್ಬರು ವಾರ್ಡ್ ಸದಸ್ಯೆಯ ಮನೆಗೆ ಅವಳು ಹೋಗಿದ್ದಳು. ಎದುರು ಜಗಲಿಯಲ್ಲಿ ಕುರ್ಚಿ ಹಾಕಿ ಕೂತದ್ದು ಸದಸ್ಯೆಯ ಗಂಡ. ಬಂದವರ ಅರ್ಜಿ ತೆಗೆದುಕೊಳ್ಳುವುದು, "ಕಾಂಬ, ಕಾಂಬ" ಎಂದು ಹೇಳಿ ಕಳಿಸುವುದು ಎಲ್ಲ ಅವನದೇ. ಇವಳ ಪ್ರಶ್ನೆಗಳಿಗೂ ಅವನೇ ಉತ್ತರ ಕೊಡಲು ಹೊರಟ. ಇವಳಿಗೆ ಸಿಟ್ಟು ಬಂದು, ಕೈಕಾಲು ತೊಳೆಯಬೇಕೆಂದು ನೆಪ ಹೇಳಿ ಹಿತ್ತಲಿಗೆ ಹೋದಳು. ಅಲ್ಲಿ ಹಿಂಬಾಗಿಲಿನ ಮೆಟ್ಟಿಲ ಮೇಲೆ ಸದಸ್ಯೆ ಕೂತಿದ್ದರು, ಎದುರಿಗೆ ಹೆಡಿಗೆ ಇಳಿಸಿ ಮೀನು ಮಾರುವ ಹೆಂಗಸು. ಮೀನು ಆರಿಸುವುದು ಒಂದು ಕಡೆ. ಅದರ ಜೊತೆಗೇ ಆ ಹೆಂಗಸು, ಯಾವ ಓಣಿಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ, ಯಾವ ಕಂಬದ ದೀಪ ಹೋಗಿದೆ, ಯಾವ ಮುದುಕಿಯ ವಿಧವಾ ವೇತನ ನಿಂತಿದೆ ಎಂದು ಒಂದೊಂದಾಗಿ ಹೇಳುತ್ತಿದ್ದಳು. ಸದಸ್ಯೆ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತಿದ್ದರು. ಮರುದಿನ ಅವರು ಆ ಕಾಗದ ಹಿಡಿದು ಕಚೇರಿಗೆ ಹೋಗುತ್ತಾರೆ, ಗಂಡನಿಗೆ ಹೇಳದೆ.

"ಎಲ್ಲಾ ಮೀನಿನ ಹೆಂಗ್ಸ್ರೂ ಹಿಂಗೇ ಮಾಡ್ತ್ರ್," ಎಂದಳು. "ಕೇರಿಯರೆಲ್ಲ ಅವ್ರ ಹತ್ರ ಹೇಳಿ ಕಳ್ಸುದ್. ನಮ್ ಊರಂಗೆ ಮೀನಿನವ್ರ್ ಬಪ್ಪುದೇ ಇಲ್ಲ ಅಲ್ದಾ, ಅದ್ಕೆ ನಾವ್ ಅರ್ಜಿ ಬರಿತ್. ನೀನ್ ಬರ್ದ ನಾಗರಿಕ ಪ್ರಜ್ಞೆ ಎಲ್ಲ ಸುಳ್ಳ್ ಮಾರಾಯ್ತಿ!"

ಅವಳು ನನ್ನ ಅಧ್ಯಾಯವನ್ನು ಒಂದೇ ಏಟಿಗೆ ಮಲಗಿಸಿದ್ದಳು, ಅದೂ ನಗುತ್ತಾ. ನನಗೂ ಖುಷಿಯಾಗುತ್ತದೆ ಎಂದುಕೊಂಡೇ ಓಡಿಬಂದಿದ್ದಳು ಎಂದು ಈಗ ಅರ್ಥವಾಗುತ್ತದೆ. ಆಗ, "ಆ ಹೆಂಗಸು ಯಾರು?" ಎಂದು ಮಾತ್ರ ಕೇಳಿದೆ.

"ಹೆಸ್ರ್ ಬರೂದಿಲ್ಲ ಅಂದೇಳಿ ಮಾತ್ ಕೊಟ್ಟಿದೆ. ಎಡಗೈ ಮೇಲೆ ತುಳಸಿಕಟ್ಟಿ ಹಚ್ಚಿ ಇತ್ತ್. ಮೂಗಿಗೆ ಎರ್ಡೂ ಬದಿ ಮೂಗ್ತಿ. ಎಷ್ಟ್ ಚೆಂದ ಮಾತಾಡ್ತ್ರ್ ಗೊತ್ತಿತ್ತಾ? ನಾ ಒಂದ್ ವಾರದಿಂದ ಬೆಳಿಗ್ಗೆ ಅವ್ರೊಟ್ಟಿಗೇ ತಿರ್ಗ್ತಾ ಇದ್ದೆ."

ಆ ಹಚ್ಚೆಯನ್ನು ನಾನು ಬೆರಳಿನಿಂದ ತಿದ್ದಿ ತಿದ್ದಿ ಬೆಳೆದವಳು. "ಒಳ್ಳೇದಾಯ್ತು" ಎಂದು ಪುಸ್ತಕ ಮುಚ್ಚಿದೆ.

ಆ ಶನಿವಾರ ಊರಿಗೆ ಹೋದೆ. ಬಸ್ಸು ಇಳಿದು ಒಳದಾರಿಯಲ್ಲಿ ನಡೆಯುವಾಗ ಅಬ್ಬಿಯೂ ಅವಳೂ ಎದುರಿನ ಓಣಿಯಲ್ಲಿ ಹೋಗುತ್ತಿದ್ದರು. ಹನಿ ಮಳೆ. ಅಬ್ಬಿಯ ತಲೆ ಮೇಲೆ ಹೆಡಿಗೆ, ಅವಳ ಕೈಯಲ್ಲಿ ಕೊಡೆ. ನನ್ನದೇ ಕೊಡೆ. ಹೆಡಿಗೆಯ ಮೇಲೆ ಹಿಡಿದಿದ್ದಳು, ತಾನು ನೆನೆಯುತ್ತಿದ್ದಳು. ಮೀನು ತಿನ್ನದ ಮನೆಯ ಹುಡುಗಿ, ಹೆಡಿಗೆಯಿಂದ ಸೋರಿದ ನೀರು ತೋಳಿಗೆ ಬಿದ್ದರೂ ಮುಖ ಕಿವುಚಲಿಲ್ಲ. ಮಕ್ಕಳು ತಾಯಿಯನ್ನು ಕೇಳುವ ಹಾಗೆ, "ಅಬ್ಬಿ, ಇನ್ನ್ ಯಾರ್ ಮನಿಗೆ?" ಎಂದು ಕೇಳಿದಳು.

ಆ ಶಬ್ದವನ್ನು ನಾನು ಬಿಟ್ಟುಬಿಟ್ಟಿದ್ದೆ, ನಿಜ. ಆದರೆ ಇನ್ನೊಬ್ಬರು ಎತ್ತಿಕೊಳ್ಳಲಿ ಎಂದು ಬಿಟ್ಟದ್ದಲ್ಲ. ಒಂದು ಕಾಂಪೌಂಡಿನ ಹಿಂದೆ ಸರಿದು ನಿಂತೆ. ನನ್ನ ಹೊಟ್ಟೆಯಲ್ಲಿ ಎದ್ದ ಬೆಂಕಿಗೆ ಅಂದು ಎರಡು ಹೆಸರು ಇದ್ದವು, ಒಂದು ಆ ಕುರ್ಚಿಯದು, ಇನ್ನೊಂದು ಅಬ್ಬಿಯದು. ಯಾವುದು ಹೆಚ್ಚು ಸುಡುತ್ತಿತ್ತು ಎಂದು ಕೇಳಿದರೆ ಈಗಲೂ ಹೇಳಲಾರೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಬ್ಬಿಯ ಬಾಯಲ್ಲಿ ಅವಳದೇ ಮಾತು.

"ಆ ಹೆಣ್ಣ್ ಎಂತೆಲ್ಲ ಕೇಂತ್ ಮಾರಾಯ್ತಿ! ಯಾವ್ ಮನಿಯರಿಗೆ ಯಾವ್ ಮೀನ್ ಆಯ್ಕ್, ಯಾರ್ ಎಂತ ಹೇಳಿ ಕಳ್ಸ್ತ್ರ್, ಎಲ್ಲಾ ಕೇಂಡ್ ಬರ್ಕಂತ್. ನೀನೂ ಅದೇ ಓದುದಲ್ದಾ? ನೀ ಒಂದ್ ದಿನ ಕೇಂಡದ್ದಿಲ್ಲ."

"ನಾನು ಕಚೇರಿಯ ಭಾಗ ನೋಡುವುದು," ಎಂದೆ.

"ನನ್ ಮಗ್ಳೂ ನಿಮ್ಮಲ್ಲೇ ಓದುದ್ ಅಂದೇಳಿ ಅದ್ರ ಹತ್ರ ಹೇಳ್ಲಾ?"

"ಬೇಡ."

ಅಬ್ಬಿ ನನ್ನ ತಟ್ಟೆಗೆ ಇನ್ನೊಂದು ತುಂಡು ಬಂಗುಡೆ ಹಾಕಿದಳು. ನಾನು ಕೈ ತೊಳೆದು ಬಂದು ಅವಳ ಎದುರು ಕೂತೆ. ನಾಲ್ಕು ವರ್ಷ ಆಡಳಿತಶಾಸ್ತ್ರ ಓದಿದ್ದು ಅಂದು ನನ್ನ ಉಪಯೋಗಕ್ಕೆ ಬಂತು. ಎಲ್ಲೆಲ್ಲೂ ಮಾರುಕಟ್ಟೆ ಸುಧಾರಣೆ ಎಂದು ಮಾತು ನಡೆಯುತ್ತಿದೆ, ಮನೆಮನೆಗೆ ಮೀನು ಒಯ್ಯುವವರನ್ನೆಲ್ಲ ಒಂದೇ ಕಟ್ಟಡದೊಳಗೆ ಕೂರಿಸುತ್ತಾರೆ ಎನ್ನುತ್ತಿದ್ದಾರೆ, ಅಂಥ ಹೊತ್ತಿನಲ್ಲಿ ಮೀನಿನ ಹೆಂಗಸರು ಸದಸ್ಯರ ಮನೆಗೆ ದೂರು ಮುಟ್ಟಿಸುತ್ತಾರೆ ಎಂದು ವರದಿಯಲ್ಲಿ ಬಂದರೆ ಮೊದಲು ನಿಮ್ಮ ಮೇಲೇ ಕಣ್ಣು ಬೀಳುತ್ತದೆ, ದಲ್ಲಾಳಿ ಕೆಲಸ ಎನ್ನುತ್ತಾರೆ, ತಿರುಗಾಟವನ್ನೇ ನಿಲ್ಲಿಸುತ್ತಾರೆ ಎಂದು ಹೇಳಿದೆ. ಅದರಲ್ಲಿ ಒಂದು ಮಾತು ನಿಜ, ಹತ್ತು ಮಾತು ನನ್ನ ಕಲ್ಪನೆ. ಆ ಹುಡುಗಿ ಹೆಸರು ಬರೆಯುವುದಿಲ್ಲ ಎಂದರೂ ನಂಬಬೇಡ ಎಂದೂ ಸೇರಿಸಿದೆ. ಯಾರು ಕೇಳಿದರೂ ಗೊತ್ತಿಲ್ಲ ಎಂದುಬಿಡು, ನನ್ನನ್ನು ಕಂಡರೂ ಗುರುತು ಹಿಡಿಯಬೇಡ ಎಂದೆ.

ಅಬ್ಬಿ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಆಯ್ತ್" ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಹೆದರಿದಳು ಎಂದುಕೊಂಡೆ. ನಾಲ್ಕು ದಿನ ರಜೆ ಹಾಕಿ ಮನೆಯಲ್ಲೇ ಉಳಿದೆ. ಸರಿಯಾಗಿ ಊಟ ಸೇರಲಿಲ್ಲ.

ಗೈಡ್ ಅವಳ ಅಧ್ಯಾಯವನ್ನು ಓದಿ ಕುಣಿದಾಡಿಬಿಟ್ಟಿದ್ದರು. ನನ್ನದನ್ನು ಓದಿ 'ಕಟ್ಟಬಹುದು' ಎಂದಷ್ಟೇ ಹೇಳಿದವರು, ಅವಳದಕ್ಕೆ ಕುರ್ಚಿಯಿಂದ ಎದ್ದರಂತೆ. ಆದರೆ ಅವರು ಶಿಸ್ತಿನ ಮನುಷ್ಯ. "ನಾನೇ ಒಂದು ಸಲ ಕಣ್ಣಾರೆ ನೋಡಬೇಕು," ಎಂದು ಮುಂದಿನ ವಾರ ಹೊರಟುಬಂದರು. ನಾನೂ ಜೊತೆಗೆ ಇರಬೇಕೆಂದು ಅವರದೇ ಅಪ್ಪಣೆ.

ನಾವು ಮೂವರೂ ಸದಸ್ಯೆಯ ಮನೆಗೆ ಹೋದೆವು. ದೊಡ್ಡ ಪ್ರೊಫೆಸರು ಬಂದಿದ್ದಾರೆಂದು ಗಂಡ ಮಹಾಶಯ ಬಿಳಿ ಪಂಚೆ ಉಟ್ಟು ಸಿದ್ಧನಾಗಿದ್ದ. ನಾವು ಹಿತ್ತಲಿಗೆ ಹೋದರೆ ಅವನೂ ಬಾಳೆದಿಂಡಿನ ಹಾಗೆ ಅಲ್ಲೇ ಬಂದು ನಿಂತ. ಅವನ ಎದುರು ಸದಸ್ಯೆ ಬಾಯಿ ಬಿಡುವುದು ದೂರದ ಮಾತಾಯಿತು. ಎಲ್ಲದಕ್ಕೂ ಅವನ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ಅಬ್ಬಿ ಬಂದಳು. ಹೆಡಿಗೆ ಇಳಿಸಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ನನ್ನನ್ನು ಒಮ್ಮೆ ನೋಡಿದಳು, ಬೇಲಿಯನ್ನು ನೋಡುವ ಹಾಗೆ. ನಾನು ಕಲಿಸಿದ್ದನ್ನು ಅವಳು ನನಗಿಂತ ಚೆನ್ನಾಗಿ ಮಾಡಿದಳು.

"ನೋಡಿ ತಾಯಿ," ಎಂದು ಗೈಡ್ ಮೆಲ್ಲಗೆ ಕೇಳಿದರು. "ನಿಮ್ಮ ಕೇರಿಯವರ ನೀರಿನ ತೊಂದರೆ, ದೀಪದ ತೊಂದರೆ ಎಲ್ಲ ನೀವು ಇವರಿಗೆ ಬಂದು ಹೇಳ್ತೀರಂತೆ, ಹೌದಾ?"

"ಇಲ್ಲ ಸಾರ್. ನಾವ್ ಮೀನ್ ಕೊಡುದ್, ಹೋಪುದ್. ನೀರಿಂದ್, ದೀಪದ್ದ್ ನಮ್ಗೆಂತ ಗೊತ್ತಿತ್ತ್?"

"ಈ ಹುಡುಗಿಗೆ ಹೇಳಿದ್ದಿರಂತಲ್ಲ."

"ಅದ್ ಎಂತೆಂತದೋ ಕೇಂತಿತ್ತ್. ನಾ ತಮಾಷಿಗೆ ಹೌದ್ ಹೌದ್ ಅಂದೆ, ಅಷ್ಟೇ."

ನನ್ನ ಪಕ್ಕದಲ್ಲಿ ನಿಂತಿದ್ದ ಅವಳ ಬಾಯಿ ಸ್ವಲ್ಪ ತೆರೆದುಕೊಂಡಿತು. ಈಗ ಬರುತ್ತದೆ, ಈಗ ವಾದ ಮಾಡುತ್ತಾಳೆ, "ಸರ್, ಅದು ಹಾಗಲ್ಲ" ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಅಬ್ಬಿಯ ಹತ್ತಿರ ಹೋಗಿ ಬಗ್ಗಿ, "ಅಬ್ಬಿ, ಹುಷಾರಿಲ್ಯಾ? ಮೋರೆ ಎಲ್ಲ ಬಾಡಿತ್ತಲೆ," ಎಂದಳು. ಅಬ್ಬಿ ಮೀನಿನ ಮೇಲಿನ ಎಲೆ ಸರಿಮಾಡುತ್ತಾ ಕೂತಳು. ನನಗೆ ಆ ಗಳಿಗೆಯಲ್ಲೂ ಬಂದದ್ದು ಅಸೂಯೆಯೇ. ಅಷ್ಟು ದಿನದ ಕೆಲಸ ಕೈಬಿಟ್ಟು ಹೋಗುತ್ತಿರುವಾಗ ನನಗಾಗಿದ್ದರೆ ಯಾರ ಮುಖ ಬಾಡಿದೆ ಎಂದು ಕಾಣುತ್ತಿರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಗೈಡ್ ಮೃದುವಾಗಿಯೇ ಹೇಳಿದರು. "ಸುಳ್ಳು ಬರೆದಿದ್ದೀಯ ಅಂತ ನಾನು ಹೇಳ್ತಿಲ್ಲಮ್ಮ. ಆದರೆ ಆಧಾರ ನಿಲ್ಲಲಿಲ್ಲ. ಇದನ್ನ ತೆಗೀಬೇಕು." ಅವಳು ಕಿಟಕಿಯ ಹೊರಗೆ ನೋಡುತ್ತಾ ತಲೆಯಾಡಿಸಿದಳು. ನನ್ನ ಅಧ್ಯಾಯ ಉಳಿಯಿತು. ನಾಗರಿಕ ಪ್ರಜ್ಞೆಯ ಮೇಲೆ ಕಟ್ಟಡ ಎದ್ದಿತು.

ಕೆಲವು ತಿಂಗಳ ನಂತರ ಎರಡನೇ ಸುತ್ತಿನ ಕ್ಷೇತ್ರಕಾರ್ಯ ನಾನೊಬ್ಬಳೇ ಮಾಡಿದೆ. ಆ ಸದಸ್ಯೆಯ ಮನೆಗೆ ಆಗ ಬೇರೆ ಹೆಂಗಸು ಮೀನು ತರುತ್ತಿದ್ದಳು, ಪರಿಚಯ ಕಮ್ಮಿ, ಮಾತೂ ಕಮ್ಮಿ. 'ಅನೌಪಚಾರಿಕ ಸಂವಹನದ ಯಾವುದೇ ಕುರುಹು ಕಂಡುಬರಲಿಲ್ಲ' ಎಂದು ಅಂತಿಮ ವರದಿಯಲ್ಲಿ ಸೇರಿಸಿದೆ. ಆ ವಾಕ್ಯ ನಿಜವೇ ಆಗಿತ್ತು. ಅದನ್ನು ನಿಜ ಮಾಡಿದ್ದು ನಾನು.

ಜಾಗ ನನಗೆ ಸಿಕ್ಕಿತು. ಅವಳು ಸಾಮಾನು ಕಟ್ಟಿ ಹೊರಟ ದಿನ ಬಸ್ ನಿಲ್ದಾಣದವರೆಗೆ ಹೋದೆ, ಹೋಗದಿದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು. "ನಿಂಗೇ ಸಿಕ್ಕದ್ದ್ ಲಾಯ್ಕಾಯ್ತ್," ಎಂದಳು. ಅವಳ ಕಣ್ಣಿನಲ್ಲಿ ಸ್ವಲ್ಪವಾದರೂ ಹೊಟ್ಟೆಕಿಚ್ಚು ಇದೆಯೇ ಎಂದು ಹುಡುಕಿದೆ. ಒಂದು ಚೂರಾದರೂ ಕೊಟ್ಟು ಹೋಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಕೊಡೆ ವಾಪಸ್ಸು ಕೊಟ್ಟು ಬಸ್ಸು ಹತ್ತಿದಳು. ಆಮೇಲೆ ಬ್ರಹ್ಮಾವರದ ಹತ್ತಿರ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಳೆಂದು ಕೇಳಿದೆ. ಮಕ್ಕಳಿಗೆ ಅವಳೆಂದರೆ ಪ್ರಾಣವಂತೆ. ಅದನ್ನು ಹೇಳಿದವರ ಹತ್ತಿರ ನಾನು ಬೇಗ ಬೇರೆ ಮಾತು ತೆಗೆದೆ.

ವರ್ಷಗಳು ಹೋದವು. ನಾನು ಪಾಠ ಮಾಡಿದೆ, ಪುಸ್ತಕಗಳಿಗೆ ಅಧ್ಯಾಯ ಬರೆದೆ, ಹೊಸದಾಗಿ ಗೆದ್ದ ಮಹಿಳಾ ಸದಸ್ಯರಿಗೆ ತರಬೇತಿ ಕೊಡುವ ಕೆಲಸವೂ ನನ್ನ ಪಾಲಿಗೆ ಬಂತು. ಅಂಥದೊಂದು ತರಬೇತಿಯಲ್ಲಿ ಒಬ್ಬರು ಸದಸ್ಯೆ ಎದ್ದು ನಿಂತು, "ಮೇಡಂ, ಜನ ನಮ್ಮ ಹತ್ತಿರ ಬರುವುದೇ ಇಲ್ಲ. ಬಂದರೂ ನಮ್ಮ ಯಜಮಾನರ ಹತ್ತಿರ ಮಾತಾಡಿ ಹೋಗುತ್ತಾರೆ. ನಾವು ಏನು ಮಾಡುವುದು?" ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಬೇರೊಬ್ಬಳು ಅದನ್ನು ಕಂಡುಹಿಡಿದಿದ್ದಳು, ನಾನು ಅಳಿಸಿ ಹಾಕಿದ್ದೆ. ಏನೋ ನಿಯಮದ ಹೆಸರು ಹೇಳಿ ಆ ಹೆಂಗಸನ್ನು ಕೂರಿಸಿದೆ.

ಆ ವಾರವೇ ಊರಿಗೆ ಹೋದೆ. ಅಬ್ಬಿಯ ಮಂಡಿ ಹೋಗಿ ತಿರುಗಾಟ ನಿಂತು ಆಗಲೇ ಎರಡು ವರ್ಷವಾಗಿತ್ತು. ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, ಜೀವನದಲ್ಲಿ ಮೊದಲ ಸಲ, ನೀನು ಯಾವ ಯಾವ ಮನೆಗೆ ಹೋಗುತ್ತಿದ್ದೆ, ಯಾರು ಏನು ಹೇಳಿ ಕಳಿಸುತ್ತಿದ್ದರು ಎಂದು ಕೇಳಿದೆ.

"ಈಗ ಎಂತಕ್ ಅದೆಲ್ಲ?" ಎಂದು ನಕ್ಕಳು. ಆದರೂ ಹೇಳಿದಳು. ಹೇಳುತ್ತಾ ಹೇಳುತ್ತಾ ಆ ಸದಸ್ಯೆಯ ಮನೆಗೆ ಬಂದು ನಿಂತಳು. "ಆ ಮನಿಗೆ ಮತ್ತೆ ಹೋಯ್ಲಿಲ್ಲ ನಾನ್. ಹಿಂಬಾಗ್ಲಂಗೆ ಅಷ್ಟ್ ಜನ್ರ ಎದ್ರ್ ಸುಳ್ಳ್ ಹೇಳಿ, ಮತ್ತೆ ಅದೇ ಬಾಗ್ಲಿಗೆ ಮೀನ್ ತಕಂಡ್ ಹೋಪುಕೆ ನಾಚ್ಕಿ ಆಯ್ತ್."

"ಪುರಸಭೆಯವರಿಗೆ ಹೆದರಿ ಅಲ್ಲವಾ ಸುಳ್ಳು ಹೇಳಿದ್ದು," ಎಂದೆ. ಆ ಹೆದರಿಕೆಯನ್ನು ಹುಟ್ಟಿಸಿದ್ದು ನಾನೇ ಎಂದು ಒಪ್ಪಿಕೊಳ್ಳಲು ಬಾಯಿ ತೆರೆದಿದ್ದೆ.

"ಪುರಸಭೆಯರಿಗ್ ನಾ ಎಂತಕ್ ಹೆದ್ರುದ್? ಅಲ್ಲಿ ಅರ್ಧ ಜನ್ರ ಮನಿಗೆ ನಾನೇ ಮೀನ್ ಕೊಡ್ತಿದ್ದೆ. ನಿನ್ ಮೋರೆ ಕಂಡೆ ಮಗಾ. ನಾಕ್ ದಿನ ಸಮಾ ಉಣ್ಣಲಿಲ್ಲ ನೀನ್. ಆ ಹೆಣ್ಣಿನ ಮೇಲೆ ನಿಂಗೆ ಅಷ್ಟ್ ಹೊಟ್ಟಿಕಿಚ್ಚ್ ಇತ್ತ್. ಆ ಕೆಲ್ಸ ಸಿಕ್ದಿದ್ರೆ ನೀ ಎಂತ ಆತಿದ್ಯೋ ಅಂದೇಳಿ ಹೆದ್ರಿಕಿ ಆಯ್ತ್."

ಅಂಗಳದಲ್ಲಿ ಯಾರದೋ ಕೋಳಿ ಕೆದಕುತ್ತಿತ್ತು. ಎದ್ದು ಅದನ್ನು ಓಡಿಸಿ ಬಂದು ಕೂತೆ. "ಅವಳಿಗೆ ಇದು ಗೊತ್ತಿಲ್ಲ ಅಲ್ಲವಾ?" ಎಂದೆ.

"ಗೊತ್ತಿತ್ತ್. ನಾನೇ ಹೇಳ್ದೆ. ಮರ್ದಿನ ಬೆಳಿಗ್ಗೆ ನಂಗೆ ಹುಷಾರಿಲ್ಲ ಅಂದೇಳಿ ಕಾಂಬುಕೆ ಬಂದಿತ್ತ್ ಅದ್, ಮೀನ್ ತುಂಬ್ಸುವಲ್ಲಿಗೇ. ಆ ಹೆಣ್ಣಿನ ಎದ್ರ್ ಮತ್ತೊಂದ್ ಸುಳ್ಳ್ ಹೇಳುಕೆ ಬಾಯಿ ಬರ್ಲಿಲ್ಲ. ಅವ್ಳ್ ನನ್ನ್ ಮಗ್ಳ್, ಅವ್ಳಿಗೋಸ್ಕರ ಹೇಳ್ದೆ, ನಿಂಗೆ ಅನ್ಯಾಯ ಮಾಡ್ದೆ ಅಂದೆ. ಸಾರ್ ಹತ್ರ ಹೋಯಿ ಹೇಳುದಾರೆ ಹೇಳ್, ನಾ ಬಂದ್ ಹೌದ್ ಅಂತೆ ಅಂದೂ ಹೇಳ್ದೆ."

"ಅವಳು ಎಂತ ಹೇಳ್ಳ್ ಅಬ್ಬಿ?"

"ಎಂತ ಹೇಳ್ಲಿಲ್ಲ. ತುಂಬ್ದ ಹೆಡ್ಗಿ ಒಬ್ಳಿಗೇ ಎತ್ತುಕಾತ್ತಾ? ಅದೇ ಬಗ್ಗಿ, ಎತ್ತಿ, ನನ್ ತಲಿ ಮೇಲೆ ಇಟ್ಟ್, 'ಬಸ್ಸಿಗೆ ಹೊತ್ತಾಯ್ತ್ ಅಬ್ಬಿ' ಅಂದ್ ಹೋಯ್ತ್."

ಆ ಹೆಡಿಗೆ ಹೊತ್ತೇ ಅಬ್ಬಿ ನನ್ನನ್ನು ಅಷ್ಟು ಓದಿಸಿದ್ದು. ಅದನ್ನು ನಾನು ಒಂದು ದಿನವೂ ಎತ್ತಿ ಅವಳ ತಲೆ ಮೇಲೆ ಇಟ್ಟವಳಲ್ಲ. ಜಗಲಿಯಲ್ಲಿ ಅವಳ ಪಕ್ಕ ಕೂತಿದ್ದ ನನಗೆ ಆಗಲೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ನಾಚಿಕೆ ಅದರ ಹಿಂದೆ ಬಂತು.